ಗದ್ದಲದ ಬೇಟೆ, ಸದ್ದಿಲ್ಲದ ಬೇಟೆ

ಕೆರೆಬೇಟೆಗೆ ಒಳ್ಳೆಯ ಹೆಸರಿಲ್ಲ. ನೂರಾರು ಗಂಡಸರು ಒಮ್ಮೆಲೇ ಕೆರೆಗೆ ನುಗ್ಗಿ ಕೆಸರೆಬ್ಬಿಸುವ ವಿಡಿಯೋ ನೋಡಿದ ಬೆಂಗಳೂರಿನ ಗೆಳೆಯರು ನನ್ನನ್ನು ಕೇಳುವುದು ಒಂದೇ ಪ್ರಶ್ನೆ: “ಹೀಗೆ ಬಾಚಿದರೆ ಆ ಕೆರೆಯಲ್ಲಿ ಮೀನಿನ ಸಂತಾನ ಉಳಿಯುತ್ತೇನ್ರೀ?” 2024ರಲ್ಲಿ ರಾಜ್‌ಗುರು ನಿರ್ದೇಶನದ ‘ಕೆರೆಬೇಟೆ’ ಸಿನಿಮಾ ಬಂದು ಆ ಪದ ಮಲೆನಾಡಿನ ಹೊರಗೂ ಓಡಾಡತೊಡಗಿದ ಮೇಲೆ ಈ ಪ್ರಶ್ನೆ ಇನ್ನೂ ಹೆಚ್ಚಾಗಿದೆ. ಅದೇ ಗೆಳೆಯರಿಗೆ ಮೊದಲ ಮಳೆಗೆ ಹೊಳೆಯಿಂದ ಗದ್ದೆಗೆ ಹತ್ತಿ ಬರುವ ಹತ್ತುಮೀನಿನ ಬೇಟೆಯ ಕತೆ ಹೇಳಿ ನೋಡಿ. ಕಗ್ಗತ್ತಲು, ಕಪ್ಪೆಗಳ ವಟವಟ, ಟಾರ್ಚಿನ ಬೆಳಕು, ಗದ್ದೆಯ ಅಂಚಿನಲ್ಲಿ ಮೊಣಕಾಲುದ್ದ ನೀರು. ಬಾಯಿ ಬಿಟ್ಟುಕೊಂಡು ಕೇಳುತ್ತಾರೆ. ಮುಂದಿನ ವರ್ಷ ನಮ್ಮನ್ನೂ ಕರೆದುಕೊಂಡು ಹೋಗು ಅನ್ನುತ್ತಾರೆ. ಎರಡನ್ನೂ ಮಾಡಿದವನಾದ ನನಗೆ ಈ ತೀರ್ಪು ತಿರುವುಮುರುವಾಗಿ ಕಾಣುತ್ತದೆ.

ಮೊದಲು ಕೆರೆಬೇಟೆಯ ವಿಷಯ. ಸೊರಬ, ಸಾಗರ, ಹೊಸನಗರ, ಘಟ್ಟದ ಮೇಲಿನ ಸಿದ್ದಾಪುರ, ಈ ಸೀಮೆಯ ಕೆರೆಗಳು ಏಪ್ರಿಲ್ ಮೇ ಹೊತ್ತಿಗೆ ಸೊಂಟದ ಮಟ್ಟಕ್ಕೆ ಇಳಿಯುತ್ತವೆ. ಆಗ ಊರಿನವರು ಸೇರಿ ದಿನ ಗೊತ್ತು ಮಾಡುತ್ತಾರೆ. ಸುತ್ತಲ ಹಳ್ಳಿಗಳಿಗೆ ಸುದ್ದಿ ಹೋಗುತ್ತದೆ. ಬಂದವರು ಒಂದು ಕೂಣಿಗೆ ಇಷ್ಟು ಎಂದು ದುಡ್ಡು ಕಟ್ಟಬೇಕು. ಆ ದುಡ್ಡು ದೇವಸ್ಥಾನಕ್ಕೋ ಊರಿನ ಕೆಲಸಕ್ಕೋ ಹೋಗುತ್ತದೆ. ಪೂಜೆ ಆಗುವ ತನಕ ಯಾರೂ ನೀರಿಗೆ ಕಾಲಿಡುವ ಹಾಗಿಲ್ಲ. ದಡದ ಸುತ್ತ ಕೂಣಿ ಹಿಡಿದ ಜನ, ಬೈಕು, ಓಮ್ನಿ, ಮಂಡಕ್ಕಿ ಗಾಡಿ, ಐಸ್ ಕ್ಯಾಂಡಿಯವನು. ಸೂಚನೆ ಸಿಕ್ಕಿದ್ದೇ ತಡ, ದಡ ಖಾಲಿ.

ಕೂಣಿ ಅಂದರೆ ತಳವಿಲ್ಲದ ಬುಟ್ಟಿ. ಬಿದಿರಿನ ಸೀಳುಗಳನ್ನು ನೆಟ್ಟಗೆ ನಿಲ್ಲಿಸಿ ಸುತ್ತಲೂ ಬಿಗಿದು ಹೆಣೆದದ್ದು. ಕೆಳಬಾಯಿ ಅಗಲ, ಮೇಲ್ಬಾಯಿ ತೋಳು ಇಳಿಯುವಷ್ಟು. ಅದನ್ನು ಕೆಸರಿಗೆ ಬಡಿದು ಊರುವುದು, ಒಳಗೇನಾದರೂ ಬಡಿದಾಡಿದರೆ ಮೇಲಿನಿಂದ ಕೈ ಇಳಿಸಿ ತಡಕಿ ಹಿಡಿಯುವುದು, ಇಲ್ಲದಿದ್ದರೆ ಕಿತ್ತು ಮುಂದಿನ ಹೆಜ್ಜೆಗೆ ಊರುವುದು. ಇಷ್ಟೇ ಕೆಲಸ. ಹೇಳುವುದಕ್ಕೆ ಸುಲಭ. ನನ್ನ ಮೊದಲ ಬೇಟೆಯಲ್ಲಿ ಒಂದು ತಾಸು ಊರಿ ಊರಿ ತೋಳು ಸೋತು ಸಿಕ್ಕಿದ್ದು ಒಂದು ಹವಾಯಿ ಚಪ್ಪಲಿ. ಪಕ್ಕದಲ್ಲೇ ಇದ್ದ ಮಾವ ನಾಲ್ಕನೆಯ ಕಾಟ್ಲಾವನ್ನು ಸೊಂಟದ ಚೀಲಕ್ಕೆ ತುರುಕುತ್ತಾ, “ಕಣ್ಣಲ್ಲಿ ಹುಡುಕಬ್ಯಾಡ ಮಾರಾಯ, ಕಾಲಲ್ಲಿ ಹುಡುಕು” ಅಂದಿದ್ದ. ಮೀನು ಕಾಲಿಗೆ ತಾಗಿ ಸರಿಯುವ ದಿಕ್ಕನ್ನು ತಿಳಿದು, ಅದು ತಲುಪುವ ಜಾಗಕ್ಕೆ ಕೂಣಿ ಊರಬೇಕು. ಅದು ಇರುವ ಜಾಗಕ್ಕಲ್ಲ. ಈ ಅಂದಾಜು ಬರಲು ನನಗೆ ಮೂರು ಬೇಸಿಗೆ ಬೇಕಾಯಿತು.

ಸಲಕರಣೆಯಾಗಿ ನೋಡಿದರೆ ಕೂಣಿ ತೀರಾ ಸಾಧಾರಣ. ಒಂದು ಸಲಕ್ಕೆ ಒಂದು ಮೀನು. ಸೀಳುಗಳ ನಡುವಿನ ಸಂದಿಯಲ್ಲಿ ಬೆರಳುದ್ದದ ಮರಿಗಳು ಜಾರಿ ಹೋಗುತ್ತವೆ. ನೀರು ಎದೆಮಟ್ಟ ದಾಟಿದರೆ ಅದು ಕೆಲಸಕ್ಕೆ ಬಾರದು, ಹಾಗಾಗಿ ತೂಬಿನ ಬಳಿಯ ಗುಂಡಿಯಲ್ಲಿ ಸೇರಿಕೊಂಡವು ಬಚಾವು. ಬಲೆಗೆ ಈ ಯಾವ ದೌರ್ಬಲ್ಯವೂ ಇಲ್ಲ. ಅದಕ್ಕೇ ಕೆರೆಬೇಟೆಯಲ್ಲಿ ಬಲೆ ತರುವಂತಿಲ್ಲ. ತಂದರೆ ದಡದಲ್ಲೇ ಕಿತ್ತುಕೊಳ್ಳುತ್ತಾರೆ. ಈ ನಿಯಮ ಮಾಡಿದ ಹಿರಿಯರ ತಲೆಯಲ್ಲಿ ಮೀನಿನ ಸಂರಕ್ಷಣೆ ಇತ್ತೆಂದು ಹೇಳಿ ಅವರನ್ನು ಋಷಿಗಳನ್ನಾಗಿ ಮಾಡುವ ಉತ್ಸಾಹ ನನಗಿಲ್ಲ. ಅವರ ಲೆಕ್ಕ ಸರಳ: ದುಡ್ಡು ಕಟ್ಟಿದ ಎಲ್ಲರಿಗೂ ಸಮಾನ ಅವಕಾಶ ಸಿಗಬೇಕು, ಒಬ್ಬನೇ ಬಾಚಿಕೊಂಡು ಹೋಗಬಾರದು. ಮರಿ ಉಳಿದದ್ದು ಆ ನ್ಯಾಯದ ಮೇಲೆ ಸಿಕ್ಕ ಕೊಸರು.

ನಿಜ ಹೇಳಬೇಕೆಂದರೆ ಕೆರೆಬೇಟೆಯಲ್ಲಿ ಮೀನು ಹಿಡಿಯುವುದು ಕೂಣಿಯಲ್ಲ, ಕಾಲು. ಸಾವಿರ ಕಾಲು ತುಳಿದಾಗ ತಳದ ಹೂಳು ಎದ್ದು ನೀರು ಅಂಬಲಿಯಂತಾಗುತ್ತದೆ. ಕಿವಿರಿಗೆ ಕೆಸರು ಕಟ್ಟಿ ಉಸಿರು ಸಾಲದೆ ಮೀನುಗಳು ಮೇಲಕ್ಕೆ ಬಂದು ಬಾಯಿ ತೆರೆಯುತ್ತವೆ. ಮೊದಲ ಕಾಲು ಗಂಟೆ ಗದ್ದಲ ಮಾತ್ರ, ಮೀನು ಏಳುವುದು ಆಮೇಲೆ. ಹೊಸಬರು ಆ ಹೊತ್ತಿಗೆ ಸುಸ್ತಾಗಿರುತ್ತಾರೆ, ಅನುಭವಸ್ಥರು ಆಗಷ್ಟೇ ಬೀಡಿ ಎಸೆದು ಇಳಿಯುತ್ತಾರೆ.

ಹೀಗೆ ಏಳುವ ಮೀನು ಯಾವುದು ಎಂಬ ಪ್ರಶ್ನೆಯನ್ನು ವಿಡಿಯೋ ನೋಡಿದವರು ಕೇಳುವುದಿಲ್ಲ. ಬಹುಪಾಲು ಕಾಟ್ಲಾ, ರೋಹು, ಮೃಗಾಲ್. ಇವು ಗಂಗೆಯ ಬಯಲಿನಿಂದ ಬಂದ ಜಾತಿಗಳು; ಹರಿಯುವ ಹೊಳೆಯ ನೆರೆಯಲ್ಲಿ ಮೊಟ್ಟೆಯಿಡುವಂಥವು, ನಿಂತ ಕೆರೆಯಲ್ಲಿ ಸಂತಾನ ಬೆಳೆಸುವುದಿಲ್ಲ. 1957ರ ಜುಲೈ 10ರಂದು ಒಡಿಶಾದಲ್ಲಿ ವಿಜ್ಞಾನಿ ಹೀರಾಲಾಲ್ ಚೌಧರಿ ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ ಈ ಗೆಂಡೆಗಳಿಂದ ಮೊಟ್ಟೆ ಇಡಿಸಿದ ಮೇಲೆಯೇ ಊರೂರಿಗೆ ಮರಿ ಒದಗಿಸುವುದು ಸಾಧ್ಯವಾದದ್ದು. ನಮ್ಮ ಕೆರೆಗೆ ಮಳೆಗಾಲದಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಬರುವ ಮರಿಗಳು ಅವುಗಳ ವಂಶದವು. ಅಂದರೆ ಬೇಸಿಗೆಯಲ್ಲಿ ಹಿಡಿಯುವುದು ಬಿತ್ತಿದ ಬೆಳೆಯನ್ನು. ಕಾಟ್ಲಾವನ್ನು ಒಂದೂ ಬಿಡದೆ ಹಿಡಿದರೂ ಆ ಕೆರೆಯ ‘ಸಂತಾನ’ಕ್ಕೆ ನಷ್ಟವಿಲ್ಲ, ಏಕೆಂದರೆ ಅಲ್ಲಿ ಅದರ ಸಂತಾನವೇ ಇರಲಿಲ್ಲ. ಇನ್ನು ಕೆರೆಯಲ್ಲೇ ಹುಟ್ಟಿ ಬೆಳೆದ ಕೊರವ, ಮುರುಗೋಡು, ಚೇಳುಮೀನಿನಂಥವು ಗಾಳಿಯನ್ನೂ ಉಸಿರಾಡಬಲ್ಲವು. ನೀರು ಕದಡಿದಷ್ಟೂ ಅವು ಹೂಳಿಗೆ ಇಳಿದು ಕೂರುತ್ತವೆ. ಎಲ್ಲರೂ ಮನೆಗೆ ಹೋದಮೇಲೆ ಮರುದಿನ ಕೆಸರಲ್ಲಿ ಕೈಹಾಕುವ ಹುಡುಗರಿಗೆ ಸಿಗುವುದು ಇವೇ.

ಹಾಗೆಂದು ಕೆರೆಬೇಟೆಗೆ ನಾನು ಹಾರ ಹಾಕುತ್ತಿಲ್ಲ. ಕೂಣಿಯ ದರ ನೂರಾರು ರೂಪಾಯಿಗೆ ಏರಿದ ಮೇಲೆ ಅದು ಲಾಟರಿಯಂತಾಗಿದೆ. ಮೀನು ಏಳದಿದ್ದರೆ ‘ರಾತ್ರಿಯೇ ಬಲೆ ಎಳೆದು ಮಾರಿಕೊಂಡಿದ್ದೀರಿ’ ಎಂಬ ಆರೋಪ, ದುಡ್ಡು ವಾಪಸ್ ಕೊಡಿ ಎಂಬ ಜಗಳ, ಪೊಲೀಸರು. ಹೆಂಗಸರಿಗೆ ಇದರಲ್ಲಿ ದಡದ ಪಾತ್ರ ಬಿಟ್ಟರೆ ಬೇರೆ ಇಲ್ಲ. ಮೀನು ಕೊಯ್ದು ತೊಳೆಯುವ ಹೊತ್ತಿಗೆ ಮಾತ್ರ ಅವರಿಗೆ ಮುಖ್ಯಸ್ಥಾನ. ಬೇಟೆಯಾದ ಮೇಲೆ ವಾರಗಟ್ಟಲೆ ಕೆರೆಯ ನೀರನ್ನು ದನ ಮೂಸುವುದಿಲ್ಲ. ಕೂಣಿ ಕಟ್ಟುವವರೂ ಕಡಿಮೆಯಾಗುತ್ತಿದ್ದಾರೆ. ಹೋಂಸ್ಟೇ ಒಂದರ ಹಜಾರದಲ್ಲಿ ಕೂಣಿಯನ್ನು ತಲೆಕೆಳಗಾಗಿ ನೇತುಹಾಕಿ ಒಳಗೆ ಬಲ್ಬು ಇಟ್ಟದ್ದನ್ನು ನೋಡಿದೆ. ಚೆನ್ನಾಗಿಯೇ ಕಾಣುತ್ತಿತ್ತು, ಸಿಟ್ಟು ಬಂದದ್ದು ಅದಕ್ಕೇ.

ಈಗ ಹತ್ತುಮೀನಿಗೆ ಬರೋಣ. ಮೃಗಶಿರಾ ಮಳೆ ಹಿಡಿದು ಹಳ್ಳಗಳು ಕೆಂಪಾಗಿ ಹರಿಯತೊಡಗಿದ ಮೊದಲ ಕೆಲವು ರಾತ್ರಿಗಳಲ್ಲಿ ಹೊಳೆಯ ಮೀನು ಹರಿವಿಗೆ ಎದುರಾಗಿ ಹತ್ತುತ್ತದೆ. ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಕಾಲುವೆಗೆ, ಅಲ್ಲಿಂದ ನೀರು ನಿಂತ ಗದ್ದೆಗೆ. ತುಳುನಾಡಿನಲ್ಲಿ ಇದನ್ನೇ ಉಬರ್ ಎನ್ನುತ್ತಾರೆ. ಹತ್ತುವುದು ವಿಹಾರಕ್ಕಲ್ಲ. ಬೆಚ್ಚಗಿನ ಆಳವಿಲ್ಲದ ನೀರು, ಹುಲ್ಲಿನ ಮರೆ, ಮರಿಗೆ ತಿನ್ನಲು ಸಣ್ಣ ಹುಳು, ಹೊಳೆಯಲ್ಲಿರುವ ದೊಡ್ಡ ಮೀನುಗಳ ಕಾಟವಿಲ್ಲದ ಜಾಗ: ಮೊಟ್ಟೆಯಿಡಲು ಅದಕ್ಕಿಂತ ಒಳ್ಳೆಯ ಸ್ಥಳ ಹೊಳೆಯಲ್ಲಿಲ್ಲ.

ಆ ದಾರಿಯಲ್ಲಿ ನಾವು ಕಾದಿರುತ್ತೇವೆ. ಅಂಚು ಕಡಿದ ಕಂಡಿಗೆ ಕೂಳಿ ಒಡ್ಡುತ್ತೇವೆ. ಒಳಗೆ ಹೋದದ್ದು ಹೊರಗೆ ಬಾರದಂತೆ ಅದರ ಬಾಯಲ್ಲಿ ಬಿದಿರಿನ ಮೊನೆಗಳು ಒಳಮುಖವಾಗಿರುತ್ತವೆ. ಕೂಳಿ ಇಲ್ಲದವರು ಟಾರ್ಚು ಬಿಟ್ಟು ಕತ್ತಿಯಲ್ಲಿ ಕಡಿಯುತ್ತಾರೆ. ಬೆಳಕಿಗೆ ಮಂಕಾಗಿ, ಹೊಟ್ಟೆ ಭಾರವಾಗಿ, ಬೆನ್ನು ಮುಳುಗದಷ್ಟು ನೀರಿನಲ್ಲಿ ಇರುವ ಮೀನನ್ನು ಕಡಿಯಲು ವಿದ್ಯೆ ಏನೂ ಬೇಕಿಲ್ಲ. ಕೆರೆಬೇಟೆಯಲ್ಲಿ ನನಗೆ ಮೂರು ಬೇಸಿಗೆ ಹಿಡಿದದ್ದು ಇಲ್ಲಿ ಮೂರು ನಿಮಿಷದಲ್ಲಿ ಬಂತು. ಗದ್ದಲವಿಲ್ಲ, ಗುಂಪಿಲ್ಲ, ದುಡ್ಡು ಕಟ್ಟುವುದಿಲ್ಲ, ನಾಲ್ಕೈದು ಜನ, ಒಂದು ಗೋಣಿಚೀಲ. ಊರಿನವರು ಕುಳಿತು ನಿಯಮ ಮಾಡಿದ ಬೇಟೆಗೆ ಪೂಜೆ, ಸೂಚನೆ, ಬಲೆಯ ನಿಷೇಧ ಎಲ್ಲ ಇದೆ. ಈ ಬೇಟೆಗೆ ಒಂದೇ ಒಂದು ನಿಯಮವಿಲ್ಲ. ಹಿಡಿಯುತ್ತಿರುವುದು ಮಾತ್ರ ಯಾರೂ ಬಿತ್ತದ, ಯಾವ ಚೀಲದಲ್ಲೂ ಮತ್ತೆ ತಂದು ಬಿಡಲಾಗದ ನಮ್ಮದೇ ಹೊಳೆಯ ಮೀನನ್ನು, ಅದೂ ಮೊಟ್ಟೆಯಿಡುವ ಮುನ್ನ.

ಹಿಂದಿನವರೂ ಹಿಡಿಯುತ್ತಿದ್ದರಲ್ಲ ಎಂದು ಕೇಳಬಹುದು. ಹಿಡಿಯುತ್ತಿದ್ದರು. ಅವರ ಕೈಯಲ್ಲಿ ಇದ್ದದ್ದು ಸೂಡಿ. ಮಳೆಗೆ ಅದು ಎಷ್ಟು ಹೊತ್ತು ಉರಿದೀತು? ಈಗ ತಲೆಗೆ ಕಟ್ಟುವ ಎಲ್‌ಇಡಿ ದೀಪ ಬೆಳಗಿನವರೆಗೂ ಆರುವುದಿಲ್ಲ. ಎಲ್ಲಿ ಹತ್ತುತ್ತಿದೆ ಎಂಬುದು ವಾಟ್ಸಾಪಿನಲ್ಲಿ ಐದು ನಿಮಿಷಕ್ಕೆ ಹತ್ತು ಊರಿಗೆ ಗೊತ್ತಾಗುತ್ತದೆ. ಮೀನು ಹತ್ತಬೇಕಾದ ಗದ್ದೆಯಲ್ಲಿ ಅಡಿಕೆ ಸಸಿ ನೆಟ್ಟಾಗಿದೆ, ಉಳಿದ ಗದ್ದೆಗೆ ಕಳೆನಾಶಕ ಬಿದ್ದಿದೆ, ಹಳ್ಳಕ್ಕೆ ಕಿಂಡಿ ಅಣೆಕಟ್ಟು ಅಡ್ಡ ನಿಂತಿದೆ. ಇಷ್ಟೆಲ್ಲ ದಾಟಿ ಬಂದದ್ದು ನಮ್ಮ ಕತ್ತಿಗೆ ಸಿಗುತ್ತದೆ.

ಗಾಳದ ಕುರಿತು ಎರಡು ಮಾತು ಹೇಳದಿದ್ದರೆ ಈ ತಕ್ಕಡಿ ಸರಿಯಾಗದು. ಗಾಳ ಹಾಕುವವರಿಗೆ ತಮ್ಮ ವಿದ್ಯೆಯ ಬಗ್ಗೆ ಸ್ವಲ್ಪ ಜಂಬ ಇರುತ್ತದೆ, ಅದಕ್ಕೆ ಕಾರಣವೂ ಇದೆ. 12ನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದಲ್ಲಿ ಗಾಳದ ಮೀನುಗಾರಿಕೆಗೆಂದೇ ‘ಮತ್ಸ್ಯವಿನೋದ’ ಎಂಬ ಅಧ್ಯಾಯವಿದೆ. ಪೂರ್ಣಚಂದ್ರ ತೇಜಸ್ವಿಯವರು ಹೊಳೆಯಂಚಿನಲ್ಲಿ ಗಾಳ ಹಿಡಿದು ಕೂತದ್ದು ಕನ್ನಡದ ಓದುಗರಿಗೆಲ್ಲ ಗೊತ್ತು. ಎರೆಹುಳು ಸಿಕ್ಕಿಸಿ, ಬೆಂಡು ತೇಲಿಬಿಟ್ಟು, ತಂಗೂಸಿಯ ಮೇಲೆ ಬೆರಳಿಟ್ಟು ಮಧ್ಯಾಹ್ನ ಕಳೆಯುವ ಮನುಷ್ಯ ಹೊಳೆಗೆ ಮಾಡುವ ಹಾನಿ ಅಷ್ಟಕ್ಕಷ್ಟೇ. ಅವನಿಗೆ ಬಹುತೇಕ ಏನೂ ಸಿಗುವುದೂ ಇಲ್ಲ.

ಆದರೆ ಗಾಳದ ದೊಡ್ಡ ಅಧ್ಯಾಯ ಬರೆದದ್ದು ಕಾವೇರಿಯ ಬಿಳಿಮೀನು. ಮೈಸೂರಿನ ವ್ಯಾನ್ ಇಂಗೆನ್ 1946ರಲ್ಲಿ ಕಬಿನಿಯಲ್ಲಿ ಹಿಡಿದದ್ದು 120 ಪೌಂಡ್, ಅಂದರೆ 54 ಕಿಲೋ ಮೀರಿದ ಮೀನು. ಭೀಮೇಶ್ವರಿ, ಗಾಳಿಬೋರೆಗಳಲ್ಲಿ ಆಮೇಲೆ ಹಿಡಿದು ಬಿಡುವ ಪದ್ಧತಿಯ ಶಿಬಿರಗಳು ಬಂದವು. ದೇಶವಿದೇಶಗಳ ಶೋಕಿಗಾರರು ದುಬಾರಿ ರೀಲು ಹಿಡಿದು ಬಂದು, ಕೊಕ್ಕೆಗೆ ಕಟ್ಟುತ್ತಿದ್ದದ್ದು ನಮ್ಮ ರಾಗಿಮುದ್ದೆಯನ್ನು. ಈ ಸಂಗತಿ ನನಗೆ ಈಗಲೂ ಖುಷಿ ಕೊಡುತ್ತದೆ. ಹಿಂದೆ ತೋಟೆ ಹೊಡೆಯುತ್ತಿದ್ದ ಕೆಲವರು ಅಲ್ಲಿ ದಾರಿ ತೋರಿಸುವವರಾಗಿ ಸಂಬಳ ಪಡೆದರು. ಬಾಯಿಗೆ ಕೊಕ್ಕೆ ಚುಚ್ಚಿ, ದಣಿಸಿ, ಫೋಟೋ ತೆಗೆದು ಬಿಡುವುದನ್ನು ದಯೆ ಎನ್ನುವುದು ನನ್ನಿಂದಾಗದು. ಮೀನಿಗೆ ಅದು ಆಟವಲ್ಲ. ಆದರೂ ಆ ಶಿಬಿರದ ಒಂದು ಅಭ್ಯಾಸ ಬೇರೆ ಯಾವ ವಿಧಾನದಲ್ಲೂ ಇಲ್ಲ: ಹಿಡಿದದ್ದನ್ನೆಲ್ಲ ತೂಗಿ ಬರೆದಿಡುವುದು. ಗಾಳಿಬೋರೆಯಲ್ಲಿ 1998ರಿಂದ 2012ರವರೆಗೆ ಬರೆದ ಆ ಪುಸ್ತಕಗಳನ್ನು ವಿಜ್ಞಾನಿಗಳು ಬಿಡಿಸಿ ನೋಡಿದಾಗ, ಹೊರಗಿನಿಂದ ತಂದು ಬಿಟ್ಟ ನೀಲಿರೆಕ್ಕೆಯ ಜಾತಿ ಹೆಚ್ಚುತ್ತಾ, ಕಾವೇರಿಯದೇ ಆದ ಬೆನ್ನುಬ್ಬಿನ ಬಿಳಿಮೀನು ಕರಗುತ್ತಾ ಬಂದದ್ದು ಕಾಣಿಸಿತು. ಒಳ್ಳೆಯ ಉದ್ದೇಶದಿಂದಲೇ ಬಿಟ್ಟ ಮರಿಗಳು ಅವು. 2018ರಲ್ಲಿ ಬೆನ್ನುಬ್ಬಿನ ಮೀನು ಅಳಿವಿನ ತೀರಾ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿತು. ಅಭಯಾರಣ್ಯದೊಳಗೆ ಗಾಳ ನಿಂತಾಗ ಲೆಕ್ಕ ಬರೆಯುವುದೂ ನಿಂತಿತು. ಗಾಳ ಹಿಡಿದ ಅತ್ಯಂತ ಬೆಲೆಬಾಳುವ ವಸ್ತು ಆ ಪುಸ್ತಕಗಳೇ ಎಂದು ನನ್ನ ಅಭಿಪ್ರಾಯ.

ಅಲಿವಿ ಬಲೆಯ ಬಗ್ಗೆ ಹೆಚ್ಚು ಬರೆಯುವ ಅಗತ್ಯ ಕಾಣುವುದಿಲ್ಲ. ತುಂಗಭದ್ರಾ ಜಲಾಶಯದ ದಡದಲ್ಲಿ ಸಾಲಾಗಿ ನಿಂತು ಎಳೆಯುವ ಆ ಭಾರೀ ಬಲೆಯ ಕಣ್ಣು ಎಷ್ಟು ಸಣ್ಣದೆಂದರೆ ಮುಂದೆ ಕಿಲೋಗಟ್ಟಲೆ ತೂಗಬೇಕಾದ ಮರಿಗಳು ಅದರಲ್ಲಿ ಒಣಮೀನಿನ ರಾಶಿಯಾಗುತ್ತವೆ. ಎಳೆಯುವವರು ಬಡವರು, ಎಳೆಸುವವರು ಅಲ್ಲ. ತೋಟೆ, ಬ್ಲೀಚಿಂಗ್ ಪುಡಿ, ಕರೆಂಟು ತಂತಿ, ಇವನ್ನು ವಿಧಾನ ಎನ್ನುವುದೇ ತಪ್ಪು. ತೋಟೆ ಸಿಡಿದಾಗ ಮೀನಿನೊಳಗಿನ ಗಾಳಿಚೀಲ ಒಡೆಯುತ್ತದೆ, ಅನೇಕ ಮೀನು ತೇಲದೆ ಮುಳುಗುತ್ತದೆ. ಹೊಡೆದವನಿಗೂ ಅದು ದಕ್ಕುವುದಿಲ್ಲ. ಸಿಡಿಮದ್ದು ಮತ್ತು ವಿಷವನ್ನು 1897ರ ಮೀನುಗಾರಿಕೆ ಕಾಯ್ದೆಯೇ ನಿಷೇಧಿಸಿತ್ತು. ಅದರಲ್ಲಿ ಬರೆದ ದಂಡ ಗರಿಷ್ಠ 200 ರೂಪಾಯಿ. ಇವತ್ತು ಒಂದು ಕೂಣಿಯ ಪ್ರವೇಶಕ್ಕೂ ಕೆಲವೆಡೆ ಅದಕ್ಕಿಂತ ಹೆಚ್ಚು ಕೊಡಬೇಕು.

ಹೋದ ಜೂನಿನಲ್ಲಿ ಊರಿಗೆ ಹೋಗಿದ್ದೆ. ಎರಡನೆಯ ರಾತ್ರಿ ಮಳೆ ಜೋರಾಯಿತು. ಮಾವನ ಮಗ ತಲೆಗೆ ದೀಪ ಕಟ್ಟಿಕೊಂಡು ಬಂದು, “ಬರ್ತ್ಯನಾ ಭಾವ?” ಅಂದ. ಇಲ್ಲಿ ಬರೆದದ್ದನ್ನೆಲ್ಲ ಅವನಿಗೆ ಹೇಳಿದೆ. ಚಾವಡಿಯ ಕಂಬಕ್ಕೆ ಒರಗಿ ಪೂರ್ತಿ ಕೇಳಿಸಿಕೊಂಡ. “ನೀ ಹೇಳಾದು ಸರಿ,” ಅಂದು ಗೋಣಿಚೀಲ ಹೆಗಲಿಗೆ ಹಾಕಿಕೊಂಡು ಹೊರಟ. ಬೆಳಗ್ಗೆ ಅತ್ತೆ ಮೀನು ಕೊಯ್ದರು. ಹೊಟ್ಟೆಯೊಳಗಿನ ತತ್ತಿಯನ್ನು ಬೇರೆ ತೆಗೆದು, ಅರಿಶಿನ ಖಾರ ಹಚ್ಚಿ ಬಾಣಲೆಯಲ್ಲಿ ಹುರಿದು, ಅಕ್ಕಿ ರೊಟ್ಟಿಯ ಪಕ್ಕ ಬಡಿಸಿದರು. ಆ ಮನೆಯಲ್ಲಿ ತತ್ತಿ ಅಳಿಯನ ಪಾಲು.

ತಿಂದೆ.