ಭೈರವಿಯಿಂದ ಹಿಂದಕ್ಕೆ: ಭೀಮಸೇನರನ್ನು ಕೇಳಹೊರಟವರಿಗೆ

1988ರ ಆಗಸ್ಟ್ 15ರಂದು ದೂರದರ್ಶನದಲ್ಲಿ ‘ಮಿಲೇ ಸುರ್ ಮೇರಾ ತುಮ್ಹಾರಾ’ ಹಾಡು ಮೊದಲ ಸಲ ಬಂತು. ಆಮೇಲೆ ವರ್ಷಗಟ್ಟಲೆ ಕಾರ್ಯಕ್ರಮಗಳ ನಡುವೆ ಬರುತ್ತಲೇ ಇತ್ತು. ಮಹಾರಾಷ್ಟ್ರದ ಗಡಿಗಂಟಿದ ನಮ್ಮ ಮಂಗಸೂಳಿಯಲ್ಲಿ ಆಗ ಟಿ.ವಿ. ಇದ್ದ ಮನೆಯ ಪಡಸಾಲೆಯಲ್ಲಿ ಓಣಿಯೇ ಕೂಡುತ್ತಿತ್ತು. ಮೊದಲು ಜಲಪಾತ, ಹಿಂದೆಯೇ ಹಿಂದೂಸ್ತಾನಿ ಗಾಯಕ ಭೀಮಸೇನ ಜೋಶಿಯವರ ದನಿ. ‘ಇಂವ ನಮ್ಮ ಗದಗಿನಾಂವ, ಸುಮ್ಮ ಕೂಡ್ರಿ’ ಎಂದು ಹಿರಿಯರೊಬ್ಬರು ಹುಡುಗರನ್ನು ಗದರಿದ್ದು ಆ ಸ್ವರದ ಜೊತೆಗೇ ನನ್ನ ಕಿವಿಯಲ್ಲಿ ಉಳಿದಿದೆ. ಅಂದು ಹಿಡಿದ ಹುಚ್ಚು ಇನ್ನೂ ಬಿಟ್ಟಿಲ್ಲ.

ಆ ಹಾಡು ಭೈರವಿಯದು. ಬೈಠಕ್‌ಗಳಲ್ಲಿ ಭೈರವಿ ಎತ್ತಿಕೊಂಡರೆಂದರೆ ಕಚೇರಿ ಮುಗಿಯಿತೆಂದೇ ಅರ್ಥ. ಹಾಗಾಗಿ ಟಿ.ವಿ.ಯಿಂದ ಭೀಮಸೇನರ ಬಳಿಗೆ ಬಂದವರು ಕೊನೆಯ ರಾಗದಿಂದ ಒಳಗೆ ಬಂದವರು. ಅಲ್ಲಿಂದ ಹಿಂದಕ್ಕೆ ನಡೆಯಬೇಕು.

ಮೊದಲ ಹೆಜ್ಜೆ ನಮ್ಮ ಗಡಿಯವರಿಗೆ ಸುಲಭ. ಅವರ ಕನ್ನಡ ದಾಸರ ಪದಗಳನ್ನೂ ಮರಾಠಿ ಅಭಂಗಗಳನ್ನೂ ಕೇಳಿ. ಎರಡೂ ನಮ್ಮ ಮನೆಯ ಮಾತೇ. ಅರ್ಥಕ್ಕೆ ತಡಕಾಡಬೇಕಿಲ್ಲ, ಕಿವಿ ನೇರ ಸ್ವರದ ಮೇಲೆ ನಿಲ್ಲುತ್ತದೆ.

ಆಮೇಲೆ ಬಡಾ ಖ್ಯಾಲ್, ಅಂದರೆ ನಿಧಾನಗತಿಯ ದೊಡ್ಡ ಖ್ಯಾಲ್. ಇಲ್ಲಿಯೇ ಹೊಸಬರು ಎದ್ದುಹೋಗುವುದು. ಶುದ್ಧ ಕಲ್ಯಾಣ ರಾಗವನ್ನೇ ತೆಗೆದುಕೊಳ್ಳಿ. ಸಂಜೆ ಕೆಲಸ ಮುಗಿಸಿ, ಮೊಬೈಲನ್ನು ದೂರವಿಟ್ಟು ಕೂಡಿ. ವಿಲಂಬಿತ ಏಕತಾಲದಲ್ಲಿ ಹನ್ನೆರಡು ಮಾತ್ರೆಗಳ ಒಂದು ಸುತ್ತಿಗೆ ಮುಕ್ಕಾಲು ನಿಮಿಷವೇ ಹಿಡಿದೀತು. ಮಾತ್ರೆ ಎಣಿಸಬೇಡಿ. ಬಂದಿಶಿನ ಮೊದಲ ತುಣುಕು ಮತ್ತೆ ಮತ್ತೆ ಬಂದು ತಬಲಾದ ಸಮ್ ಮೇಲೆ, ಅಂದರೆ ಸುತ್ತಿನ ಮೊದಲ ಮಾತ್ರೆಯ ಮೇಲೆ, ಇಳಿಯುವುದನ್ನು ಕಾಯಿರಿ. ನಾಲ್ಕಾರು ಸುತ್ತು ಕಳೆದರೆ ತಲೆ ತಾನೇ ತೂಗುತ್ತದೆ. ಈ ರಾಗ ಏರುವಾಗ ಐದೇ ಸ್ವರ. ಇಳಿಯುವಾಗ ಪಂಚಮದಿಂದ ಗಾಂಧಾರಕ್ಕೆ ಜಾರುವ ಮೀಂಡಿನಲ್ಲಿ ಮಧ್ಯಮ ಸುಳಿದು ಹೋಗುತ್ತದೆ, ನಿಲ್ಲುವುದಿಲ್ಲ. ಆ ಸುಳಿವು ಒಮ್ಮೆ ಕಿವಿಗೆ ಸಿಕ್ಕಿತೆಂದರೆ ರಾಗ ನಿಮ್ಮದಾಯಿತು.

ಭೀಮಸೇನರ ಮಿಂಚಿನಂಥ ತಾನುಗಳಿಗೆ ಎಲ್ಲರೂ ಮರುಳಾಗುತ್ತಾರೆ, ನಾನೂ ಆಗಿದ್ದೇನೆ. ಆದರೂ ನನ್ನ ಮಾತು ನಂಬಿ: ಮಂದ್ರದಲ್ಲಿ ಒಂದೊಂದೇ ಸ್ವರಕ್ಕೆ ಜಾಗ ಮಾಡಿಕೊಡುತ್ತ ಅವರು ಮೇಲೇರುವ ಆ ಬಢತ್ ಕೇಳದವರಿಗೆ ಆ ತಾನುಗಳು ಬರೀ ವೇಗವಾಗಿ ಕೇಳುತ್ತವೆ. ಸ್ವರಕ್ಕೆ ಇಂಥ ಬಿಡುವು ಕೊಡುವುದು ಅವರ ಗಾಯನ ಪರಂಪರೆಯಾದ ಕಿರಾಣಾ ಘರಾಣೆಯ ಗುಣ.

ಆ ಘರಾಣೆ ಬೇರೂರಿದ ಊರೊಂದು ನಮ್ಮ ಪಕ್ಕದಲ್ಲೇ ಇದೆ. ಕಾಗವಾಡದ ಮೇಲೆ ಗಡಿ ದಾಟಿದರೆ ಮಿರಜ. ಘರಾಣೆಯ ಹಿರಿಯ ಉಸ್ತಾದ್ ಅಬ್ದುಲ್ ಕರೀಂ ಖಾನ್ ನೆಲೆಸಿದ ಊರು. ಅಲ್ಲಿನ ತಂಬೂರಿ ಮಾಡುವವರ ಅಂಗಡಿಗೆ ಒಮ್ಮೆ ಹೋಗಿ. ತಂಬೂರಿಯಲ್ಲಿ ತಂತಿಗಳನ್ನು ಹೊತ್ತ ಕುದುರೆಯ ಮೇಲೆ ತಂತಿಯಡಿ ನೂಲಿನ ಸಣ್ಣ ಎಳೆ ಸೇರಿಸಿ ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸುತ್ತಾರೆ. ಒಂದು ಜಾಗಕ್ಕೆ ಬಂದಾಗ, ಅಲ್ಲಿಯವರೆಗೆ ಬೋಳಾಗಿದ್ದ ನಾದ ಜೇನುಗೂಡಿನಂತೆ ಗುಂಯ್ ಎನ್ನತೊಡಗುತ್ತದೆ. ಅದೇ ಜವಾರಿ. ಅದನ್ನು ಕಂಡ ಮೇಲೆ, ಭೀಮಸೇನರು ಷಡ್ಜ ಹಚ್ಚಿದಾಗ ದನಿ ಎಲ್ಲಿ ಮುಗಿಯಿತು, ತಂಬೂರಿ ಎಲ್ಲಿ ಶುರುವಾಯಿತು ಎಂದು ಹುಡುಕುತ್ತ ಕೂಡುವುದೇ ಒಂದು ಸುಖ.

ಹುಡುಗ ಭೀಮಸೇನನನ್ನೂ ಹಿಡಿದದ್ದು ಯಂತ್ರದಿಂದ ಬಂದ ದನಿಯೇ: ಇದೇ ಖಾನ್‌ಸಾಹೇಬರ ಝಿಂಝೋಟಿ ಠುಮ್ರಿಯ ಗ್ರಾಮಫೋನ್ ತಟ್ಟೆ. ಹನ್ನೊಂದರ ಪ್ರಾಯದಲ್ಲಿ, 1933ರಲ್ಲಿ, ಗುರುವನ್ನು ಅರಸಿ ಮನೆ ಬಿಟ್ಟವರು ಗ್ವಾಲಿಯರ್, ಜಲಂಧರ್ ಎಂದು ಅಲೆದು, ಕೊನೆಗೆ ಕುಂದಗೋಳದಲ್ಲಿ ಖಾನ್‌ಸಾಹೇಬರ ಶಿಷ್ಯ ಸವಾಯಿ ಗಂಧರ್ವರ ಬಳಿ ಕಲಿತರು. ಆ ತಟ್ಟೆಯ ಹಾಡು ಈಗಲೂ ಸಿಗುತ್ತದೆ, ಮೂರೇ ನಿಮಿಷದ್ದು. ಕೇಳಿ. ಖಾನ್‌ಸಾಹೇಬರು ಮಲಗಿರುವುದು ಮಿರಜದ ಮೀರಾಸಾಹೇಬ್ ದರ್ಗಾದ ಆವರಣದಲ್ಲಿ. ವರ್ಷಕ್ಕೊಮ್ಮೆ ಅವರ ನೆನಪಿಗೆ ಗಾಯಕರು ಅಲ್ಲಿಗೆ ಬಂದು ಹಾಡುತ್ತಾರೆ. ಆ ರಾತ್ರಿ ಹೋಗಿ, ತಂಬೂರಿಗೆ ಹತ್ತಿರವಾಗಿ ಕೂಡಿ.