ಈಡು ತುಂಬುವವರ ಗದ್ಯ

ಶಾಸ್ತ್ರಗ್ರಂಥಗಳ ಭಾಷೆಯನ್ನು ಸಾಹಿತ್ಯವಿಮರ್ಶೆಯ ಒರೆಗಲ್ಲಿಗೆ ಹಚ್ಚುವ ರೂಢಿ ನಮ್ಮಲ್ಲಿ ಕಡಮೆ. ಪರಿಭಾಷೆ ಸರಿಯಾಗಿದೆಯೆ, ವಿಷಯ ತಿಳಿಯಾಗಿದೆಯೆ ಎಂದು ನೋಡಿ ತೃಪ್ತರಾಗುತ್ತೇವೆ. ಆದರೆ ಬರೆದವನ ಒಂದು ಮಾತು ತಪ್ಪಿದರೆ ಓದಿದವನ ಬೆರಳೋ ಕಣ್ಣೋ ಹೋಗಬಹುದಾದ ಗದ್ಯವೂ ಉಂಟು. ಅಂಥ ಗದ್ಯದಲ್ಲಿ ಲೇಖಕನ ಹೊಣೆ ಯಾವ ರೂಪದಲ್ಲಿ ಕಾಣಿಸಿಕೊಳ್ಳುತ್ತದೆ? ತೋಟಾಗಳನ್ನು ಸ್ವಂತ ಕೈಯಿಂದ ತುಂಬಿಕೊಳ್ಳುವ ವಿದ್ಯೆಯನ್ನು ಕುರಿತು ಬರೆದ ಅಮೆರಿಕದ ಮೂವರು ಲೇಖಕರನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ಇಲ್ಲಿ ಪರಿಶೀಲಿಸುತ್ತೇವೆ.

ಕೋವಿಗೆ ಒಂದು ಸಲಕ್ಕೆ ತುಂಬುವ ಮದ್ದುಗುಂಡಿಗೆ ಮಲೆನಾಡಿನವರು ‘ಈಡು’ ಎನ್ನುತ್ತಾರೆ. ಅಮೆರಿಕದ ಈ ಬೇಟೆಗಾರರು ಈಡನ್ನು ನಳಿಗೆಯ ಬಾಯಿಂದ ತುಂಬುವವರಲ್ಲ. ಹಾರಿಸಿ ಉಳಿದ ಹಿತ್ತಾಳೆಯ ತೋಟಾವನ್ನು ಅಚ್ಚಿನಲ್ಲೊತ್ತಿ ಮೊದಲಿನ ಅಳತೆಗೆ ತಂದು, ಹಳೆಯ ಕೇಪನ್ನು ತೆಗೆದು ಹೊಸದನ್ನು ಕೂರಿಸಿ, ಮದ್ದನ್ನು ತೂಗಿ ಹಾಕಿ, ಮೇಲೆ ಗುಂಡನ್ನು ಒತ್ತುತ್ತಾರೆ. ತೂಕದ ಮಾನ ಗ್ರೇನ್. ಒಂದು ಪೌಂಡಿಗೆ 7000 ಗ್ರೇನ್. ಎಂದರೆ ಒಂದು ಗ್ರೇನ್ ನಮ್ಮ ಅಕ್ಕಸಾಲಿಗರ ಗುಲಗಂಜಿಯ ಸುಮಾರು ಅರ್ಧ ತೂಕ. ಕರಿಮದ್ದಿನ ಕಾಲದಲ್ಲಿ ತೋಟಾ ತುಂಬುವಷ್ಟು ಮದ್ದು ಹಾಕುವುದೇ ಪದ್ಧತಿಯಾಗಿತ್ತು. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೆಲ್ ಹೊಗೆಯಿಲ್ಲದ ಮದ್ದನ್ನು ಸಿದ್ಧಪಡಿಸಿದ ಮೇಲೆ ಆ ಅಂದಾಜು ಅಪಾಯಕ್ಕೆ ದಾರಿಯಾಯಿತು. ಹೊಸ ಮದ್ದಿನ ತೂಕ ತುಸು ಏರಿದರೆ ಒತ್ತಡ ಅದನ್ನು ಮೀರಿದ ಪ್ರಮಾಣದಲ್ಲಿ ಏರುತ್ತದೆ. ‘ತುಂಬ’, ‘ಬೇಕಾದಷ್ಟು’ ಎಂಬ ಮಾತುಗಳಿದ್ದೆಡೆ ಅಂಕಿಗಳು ಬರಲೇಬೇಕಾಯಿತು.

ಆ ಅಂಕಿಗಳನ್ನು ದೊಡ್ಡ ಪ್ರಮಾಣದಲ್ಲಿ ಒಂದೆಡೆ ಕಲೆಹಾಕಿದವರಲ್ಲಿ ಫಿಲಿಪ್ ಶಾರ್ಪ್ ಪ್ರಮುಖರು. 1935ರ .357 ಮ್ಯಾಗ್ನಂ ತೋಟಾದ ರಚನೆಯಲ್ಲಿಯೂ ಪಾಲುಗೊಂಡಿದ್ದ ಇವರ ಬೃಹದ್ಗ್ರಂಥ ಪ್ರಕಟವಾದುದು 1937ರಲ್ಲಿ. ಇಂಥ ಕೋಷ್ಟಕಗಳ ಉಪಯೋಗ ನಿರ್ವಿವಾದ. ಆದರೆ ಅಂಕಿ ಕೋಷ್ಟಕದಲ್ಲಿ ನೆಲೆಯಾದೊಡನೆ ಅದು ಹುಟ್ಟಿದ ಸಂದರ್ಭ ಹಿಂದೆ ಸರಿಯುತ್ತದೆ. ಯಾವ ಬಂದೂಕು, ಎಂಥ ತೋಟಾ, ಗುಂಡು ಎಷ್ಟು ಆಳಕ್ಕೆ ಕೂತಿತ್ತು ಎಂಬುವು ಬದಲಾದರೆ ಫಲವೂ ಬದಲಾಗುತ್ತದೆ. ಅಂಕಿ ಮಾತ್ರ ಹಾಗೆಯೇ ಉಳಿದು, ಎಲ್ಲರಿಗೂ ಸಲ್ಲುವ ಆಜ್ಞೆಯಂತೆ ತೋರುತ್ತದೆ.

ಎಲ್ಮರ್ ಕೀತ್ (1899-1984) ಇದಕ್ಕೆ ವಿರುದ್ಧ ಪ್ರಕೃತಿಯವರು. ಐಡಹೋ ಪ್ರಾಂತದ ಈ ಪಶುಪಾಲಕ ಬರೆದುದೆಲ್ಲ ಕಂಡ ಕಥನ. 1979ರ ಆತ್ಮಕಥೆಯ ‘ಹೆಲ್, ಐ ವಾಸ್ ದೇರ್!’ ಎಂಬ ಹೆಸರೇ ತಾನು ಸ್ಥಳದಲ್ಲಿದ್ದವನೆಂಬ ಘೋಷಣೆ. 1925ರ ಜುಲೈ 4ರಂದು ಇವರು ತಾವೇ ತುಂಬಿದ, ಭಾರವಾದ ಗುಂಡಿನ ಈಡನ್ನು .45 ರಿವಾಲ್ವರಿನಲ್ಲಿ ಹಾರಿಸಿದಾಗ ಅದರ ತೋಟಾ ಹಿಡಿಯುವ ಉರುಳೆ ಸಿಡಿದುಹೋಯಿತು. ಪ್ರಸಿದ್ಧಿಗೆ ಬರುವ ಮೊದಲೇ ನಡೆದ ಈ ಅಪಘಾತವನ್ನು ಅವರು ಬಚ್ಚಿಡದೆ ಬರೆದು ಪ್ರಕಟಿಸಿದರು. ಆ ಬಳಿಕ .44 ಸ್ಪೆಷಲ್ ತೋಟಾದತ್ತ ತಿರುಗಿದರು. ಅವರ ದೀರ್ಘ ಒತ್ತಾಯ 1955-56ರಲ್ಲಿ.44 ಮ್ಯಾಗ್ನಂ ಆಗಿ ಫಲಿಸಿತು. ತನ್ನ ಸೋಲನ್ನು ಹೇಳಿದ ಲೇಖಕನ ಮಾತಿಗೆ ಬರುವ ತೂಕ ಕೋಷ್ಟಕಕ್ಕೆ ಬಾರದು.

ಹಾಗೆಂದು ಕೀತರ ಪಕ್ಷವನ್ನು ಪೂರ್ತಿಯಾಗಿ ಒಪ್ಪಲಾರೆವು. ತೋಟಾ ಅಂಟಿಕೊಂಡಿತೆ, ಕೇಪು ಚಪ್ಪಟೆಯಾಯಿತೆ ಎಂದು ನೋಡಿ ಒತ್ತಡವನ್ನು ಊಹಿಸುವುದು ಅನುಭವಿಗಳ ಕ್ರಮ. ಆದರೆ ಒತ್ತಡ ತುದಿಮುಟ್ಟಿ ಇಳಿಯುವುದು ಸೆಕೆಂಡಿನ ಸಾವಿರದ ಕೆಲವೇ ಭಾಗಗಳಲ್ಲಿ. ಎದುರಿಗೆ ನಿಂತಿದ್ದವನ ಕಣ್ಣಿಗೆ ಸಿಕ್ಕುವುದು ಪರಿಣಾಮ ಮಾತ್ರ. ಹತ್ತಿರವಿದ್ದುದು ಅಳೆದುದಕ್ಕೆ ಸಮವಾಗದು.

1962ರಲ್ಲಿ ಹೊರಬಂದ ಪಿ. ಓ. ಆಕ್ಲೆಯವರ ಕೈಪಿಡಿ ಇವೆರಡರ ನಡುವೆ ಮಾರ್ಗವೊಂದನ್ನು ತೋರಿಸುತ್ತದೆ. ಇವರು ಹಳೆಯ ಸೈನಿಕ ಬಂದೂಕುಗಳಿಗೆ ಈಡನ್ನು ಬೇಕೆಂದೇ ಏರಿಸುತ್ತ, ಅವು ಒಡೆಯುವವರೆಗೂ ಪರೀಕ್ಷಿಸಿದರು. ಯುದ್ಧಕಾಲದಲ್ಲಿ ಅಮೆರಿಕನ್ನರು ಹಗುರವಾಗಿ ಕಂಡಿದ್ದ ಜಪಾನಿನ ಅರಿಸಾಕ ಎಲ್ಲಕ್ಕಿಂತ ಗಟ್ಟಿಯೆಂದು ತಿಳಿದುಬಂದಿತು. ಕೀತರಿಗೆ ಆಕಸ್ಮಿಕವಾಗಿ ಒದಗಿದ ಸೋಲು ಇಲ್ಲಿ ಯೋಜಿತ ಪ್ರಯೋಗವಾಗಿದೆ; ಶಾರ್ಪರ ಕೋಷ್ಟಕ ಬಿಟ್ಟುಕೊಟ್ಟ ಸಂದರ್ಭವೂ ಉಳಿದಿದೆ. ಆದರೂ ಒಡೆಯುವ ಮಿತಿ ತಿಳಿದ ಮಾತ್ರಕ್ಕೆ ನಿರಪಾಯದ ಮಿತಿ ತಿಳಿಯಿತೆನ್ನಲಾಗದು. ಒತ್ತಡದ ಏರಿಳಿತವನ್ನು ಕ್ಷಣಕ್ಷಣಕ್ಕೂ ಗುರುತಿಸುವ ಉಪಕರಣಗಳಿಂದ ಸಿದ್ಧವಾದ ಇಂದಿನ ಕೈಪಿಡಿಗಳಿರುವಾಗ, ಈ ಮೂವರ ಈಡುಗಳನ್ನು ಹಾಗೆಯೇ ಅನುಸರಿಸುವುದು ತರವಲ್ಲ. ನಾವು ಕಲಿಯಬೇಕಾದುದು ಅವರ ಬರವಣಿಗೆಯಿಂದ.

ಈ ವಿದ್ಯೆಯ ಒಳ್ಳೆಯ ಲೇಖಕರು ತಮ್ಮ ಈಡು ತಮ್ಮ ಬಂದೂಕಿನಲ್ಲಿ ನಿರಪಾಯವಾಗಿತ್ತೆಂದು ಮಾತ್ರ ಹೇಳಿ, ಓದುಗನು ಕೆಳಗಿನ ಪ್ರಮಾಣದಿಂದ ತೊಡಗಿ ಮೆಲ್ಲಗೆ ಏರಬೇಕೆಂದು ಎಚ್ಚರಿಸುತ್ತಾರೆ. ಈ ‘ತಮ್ಮ’ ಎಂಬ ಮಾತನ್ನು ವಿನಯವೆಂದೆಣಿಸುವುದು ಸಲ್ಲದು. ಅದು ಪ್ರಮೇಯದ ಎಲ್ಲೆ. ನಮ್ಮ ಕನ್ನಡ ವಿಜ್ಞಾನಗದ್ಯದಲ್ಲಿ ‘ಕಂಡುಬಂದಿದೆ’ ಎಂಬ ಕ್ರಿಯಾಪದ ಹೇರಳವಾಗಿದೆ. ಯಾರಿಗೆ, ಯಾವ ಉಪಕರಣದಲ್ಲಿ, ಎಷ್ಟು ಸಲ ಕಂಡುಬಂದಿತೆಂಬುದು ವಿರಳ. ಆಮ್ಲವನ್ನು ‘ಸ್ವಲ್ಪ’ ಹಾಕುವಂತೆ ಬರೆದ ಪಾಠವನ್ನು ತಿದ್ದುವ ಅಧ್ಯಾಪಕರು ಅದರ ಪಕ್ಕದಲ್ಲಿ ಈ ಮೂರು ಪ್ರಶ್ನೆಗಳನ್ನೂ ಬರೆಯಬೇಕೆಂಬುದು ನಮ್ಮ ಆಶಯ.