ರವಿಕೆ ಹೊಲಿದವರು ಯಾರು?

ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆ ಪುಸ್ತಕದಂಗಡಿಯೊಂದರಲ್ಲಿ ಹೋದ ವರ್ಷ ಕನ್ನಡ ಸಿನಿಮಾ ಪತ್ರಿಕೆಗಳ ಒಂದು ಕಟ್ಟು ಸಿಕ್ಕಿತು. ಎಪ್ಪತ್ತು, ಎಂಬತ್ತರ ದಶಕದ ಸಂಚಿಕೆಗಳು. ಕೆಲವಕ್ಕೆ ರಕ್ಷಾಪುಟವಿಲ್ಲ, ಬಹುಪಾಲಿಗೆ ನಡುಪುಟದ ಬ್ಲೋಅಪ್ ಇಲ್ಲ. ಯಾರ ಮನೆಯ ಗೋಡೆಗೆ ಅಂಟಿತ್ತೋ, ಯಾವ ಹುಡುಗನ ಸಮಾಜ ಪುಸ್ತಕಕ್ಕೆ ಬೈಂಡಾಗಿತ್ತೋ! ನಾನು ಹುಡುಕುತ್ತಿದ್ದುದು ಸಣ್ಣ ಸಂಗತಿ. ‘ಶರಪಂಜರ’ ಬಂದ 1971ರ ಆಸುಪಾಸಿನಲ್ಲಿ ಕಲ್ಪನಾ ತೊಡುತ್ತಿದ್ದಂಥ ಉದ್ದ ತೋಳಿನ ರವಿಕೆ ಬೇಕೆಂದು ನಮ್ಮಮ್ಮನ ಓರಗೆಯವರು ಟೈಲರ್ ಹತ್ತಿರ ಹಟ ಹಿಡಿಯುತ್ತಿದ್ದರಂತೆ. ಹಾಗಾದರೆ ಕಲ್ಪನಾಗೆ ಆ ರವಿಕೆ ಹೊಲಿದುಕೊಟ್ಟವರು ಯಾರು?

ಮೂರು ದಿನ ಕೂತು ಕಟ್ಟನ್ನು ಬಗೆದೆ. ತಾರೆಯರ ಇಷ್ಟದ ತಿಂಡಿ, ಇಷ್ಟದ ಬಣ್ಣ, ಯಾರಿಗೆ ಯಾರ ಮೇಲೆ ಮುನಿಸು, ಯಾರ ಮದುವೆ ಯಾವಾಗ, ಎಲ್ಲವೂ ಇತ್ತು. ಟೈಲರ್ ಹೆಸರು ಮಾತ್ರ ಇರಲಿಲ್ಲ.

ಸಿನಿಮಾ ಪತ್ರಿಕೆಗಳನ್ನು ಬೈಯುವ ನಮ್ಮ ಜಾಣರು ಗಾಸಿಪ್ಪನ್ನು ಹಿಡಿದು ಬೈಯುತ್ತಾರೆ. ನನಗೆ ಗಾಸಿಪ್ ಬಗ್ಗೆ ಅಂಥ ಮಡಿ ಇಲ್ಲ. ಕಟ್ಟೆ ಮೇಲೆ ಕೂತು ಊರ ಸುದ್ದಿ ಆಡುವುದು ನಮಗೆ ಹೊಸದೇನೂ ಅಲ್ಲ. ಚೆನ್ನಾಗಿ ಆಡುವವರ ಸುತ್ತ ಜನ ಸೇರುತ್ತಾರೆ. ಮುಂಬೈಯಲ್ಲಿ ನಾರಿ ಹೀರಾ 1971ರ ಅಕ್ಟೋಬರಿನಲ್ಲಿ ‘ಸ್ಟಾರ್‌ಡಸ್ಟ್’ ಹೊರಡಿಸಿದಾಗ ಅದರ ಸಂಪಾದಕತ್ವ ವಹಿಸಿದ ಶೋಭಾ ಡೇಗೆ ಇನ್ನೂ ಇಪ್ಪತ್ತಮೂರು. ರಾಜೇಶ್ ಖನ್ನಾ ಗುಟ್ಟಾಗಿ ಮದುವೆಯಾಗಿದ್ದಾರೆಯೇ ಎಂಬ ಪ್ರಶ್ನೆಯನ್ನೇ ಮೊದಲ ಸಂಚಿಕೆಯ ಮುಖಪುಟಕ್ಕೆ ಹಾಕಿದ ಪತ್ರಿಕೆ ಅದು. ಆದರೆ ಅದರ ‘ನೀತಾಸ್ ನ್ಯಾಟರ್’ ಅಂಕಣ ಹಿಂದಿ ಬೆರೆತ ಇಂಗ್ಲಿಷಿನಲ್ಲಿ ಬೊಂಬಾಯಿಯ ಹುಡುಗಿಯರು ಮಾತಾಡುವ ಹಾಗೇ ಮಾತಾಡಿತು. ಕ್ರೂರವಾಗಿತ್ತು, ಎಷ್ಟೋ ಸಲ ಅನ್ಯಾಯವೂ ಆಗಿತ್ತು, ಆದರೆ ಸಪ್ಪೆಯಾಗಿರಲಿಲ್ಲ. ಅದಕ್ಕೂ ಮೊದಲು, 1935ರಿಂದ ‘ಫಿಲ್ಮ್‌ಇಂಡಿಯಾ’ ನಡೆಸಿದ ಬಾಬೂರಾವ್ ಪಟೇಲರಂತೂ ನಾಲಿಗೆಗೆ ಲಗಾಮನ್ನೇ ಹಾಕಲಿಲ್ಲ. ಕನ್ನಡದ ಗಾಸಿಪ್ಪಿಗೆ ಇಂಥ ದನಿಯೇ ಹುಟ್ಟಲಿಲ್ಲ. ‘ಬಲ್ಲ ಮೂಲಗಳ ಪ್ರಕಾರ’, ‘ಗಾಂಧಿನಗರದ ಪಂಡಿತರ ಲೆಕ್ಕಾಚಾರ’, ‘ಆ ನಟ, ಈ ನಟಿ’ ಎಂದು ಸೆರಗು ಮುಚ್ಚಿಕೊಂಡು ಆಡುವ ಮಾತು ನಮ್ಮದು.

ನಾವು ಗೆದ್ದದ್ದು ಓದುಗರ ಪ್ರಶ್ನೋತ್ತರದಲ್ಲಿ. ಶಿರಾದವನೋ ಸಿಂಧನೂರಿನವನೋ ಕಾರ್ಡಿನಲ್ಲಿ ಬರೆದು ಕಳಿಸಿದ ತರಲೆ ಪ್ರಶ್ನೆಗೆ ನಾಲ್ಕೇ ಪದದಲ್ಲಿ ಕೊಟ್ಟ ಚುರುಕು ಉತ್ತರ. ಆ ಕಟ್ಟಿನಲ್ಲಿ ಇವತ್ತಿಗೂ ನಗು ತರಿಸಿದ ಪುಟ ಅದೊಂದೇ. ನಕ್ಷತ್ರದ ಗುರುತಿನ ಅಗರಬತ್ತಿ ಜಾಹೀರಾತನ್ನು ಬಿಟ್ಟರೆ.

ಉಳಿದ ಪುಟಗಳದು ಒಂದು ಪಂಚಾಂಗ. ಮುಹೂರ್ತ ನಡೆಯಿತು, ಗಣ್ಯರು ಕ್ಲಾಪ್ ಮಾಡಿದರು, ಎರಡನೇ ಹಂತದ ಚಿತ್ರೀಕರಣ ಸಕಲೇಶಪುರದಲ್ಲಿ, ಕುಂಬಳಕಾಯಿ ಒಡೆಯಿತು, ಹಾಡುಗಳು ಬಿಡುಗಡೆಯಾದವು. ಈ ಪಂಚಾಂಗ ಬರೆದುಕೊಟ್ಟವರು ಪತ್ರಕರ್ತರೂ ಅಲ್ಲ. ಚಿತ್ರತಂಡದ ಪ್ರಚಾರಕರ್ತರು ಸ್ಟಿಲ್ ಫೋಟೊದ ಜೊತೆಗೆ ಒಂದು ಪುಟದ ಟಿಪ್ಪಣಿಯನ್ನೂ ಕಚೇರಿಗೆ ತಲುಪಿಸುತ್ತಿದ್ದರು. ಕನ್ನಡದಲ್ಲಿ ಈ ಕಸುಬನ್ನು ಕಟ್ಟಿದ ‘ರಾಘವೇಂದ್ರ ಚಿತ್ರವಾಣಿ’ಯ ಡಿ.ವಿ. ಸುಧೀಂದ್ರ ಅವರ ಕೆಲಸ ಅವರ ಮಟ್ಟಿಗೆ ಅಚ್ಚುಕಟ್ಟಾದದ್ದೇ. ನಿರ್ಮಾಪಕನ ಪರವಾಗಿ ಮಾತಾಡುವುದು ಪ್ರಚಾರಕರ್ತನ ಧರ್ಮ. ಆ ಟಿಪ್ಪಣಿಯ ಮೇಲೆ ಒಂದು ಶೀರ್ಷಿಕೆ ಕೂರಿಸಿ ಹಾಗೇ ಅಚ್ಚಿಗೆ ಕಳಿಸಿದ್ದು ಮಾತ್ರ ಪತ್ರಿಕೆಯ ಸೋಮಾರಿತನ.

ವಿಮರ್ಶೆಯ ಪುಟಕ್ಕೆ ಬಂದರೆ ಅಲ್ಲೊಂದು ಅಚ್ಚುಮೊಳೆ ಕಾಯಂ ಆಗಿ ಕೂತಿದೆ. ಮುಕ್ಕಾಲು ಭಾಗ ಕಥೆ; ಆಮೇಲೆ ನಾಯಕ, ನಾಯಕಿ, ಪೋಷಕ ಪಾತ್ರಗಳು; ಕಡೆಯ ಎರಡು ಸಾಲಿನಲ್ಲಿ ‘ಹಾಡುಗಳು ಗುನುಗುವಂತಿವೆ, ಛಾಯಾಗ್ರಹಣ ಕಣ್ಣಿಗೆ ತಂಪು, ಸಂಕಲನ ಇನ್ನಷ್ಟು ಬಿಗಿಯಾಗಬೇಕಿತ್ತು’. ಹತ್ತಾರು ಜನ ತಿಂಗಳುಗಟ್ಟಲೆ ಮಾಡಿದ ಕೆಲಸಕ್ಕೆ ತಲಾ ಎರಡು ಪದ. ಯಾವ ಚಿತ್ರಕ್ಕೆ ಬೇಕಾದರೂ ಈ ಸಾಲುಗಳನ್ನು ಹೊಂದಿಸಬಹುದು, ಹೊಂದಿಸಿದ್ದಾರೆ ಕೂಡ.

ಇದರಿಂದ ಅತಿ ಹೆಚ್ಚು ನಷ್ಟವಾದದ್ದು ಸಂಗೀತಕ್ಕೆ. ‘ಸಂಪತ್ತಿಗೆ ಸವಾಲ್’ನಲ್ಲಿ (1974) ರಾಜ್‌ಕುಮಾರ್ ಎಮ್ಮೆ ಮೇಲೆ ಕೂತು ತಾವೇ ಹಾಡಿದರು. ಅಲ್ಲಿಯವರೆಗೆ ಅವರ ಹಾಡಿನ ದನಿಯೆಂದರೆ ಪಿ.ಬಿ. ಶ್ರೀನಿವಾಸ್. ಕನ್ನಡದ ಕಿವಿ ವರ್ಷಗಟ್ಟಲೆ ಒಬ್ಬರ ಮುಖಕ್ಕೆ ಜೋಡಿಸಿಕೊಂಡಿದ್ದ ಇನ್ನೊಬ್ಬರ ಕಂಠ ಅದು. ಪಿ.ಬಿ.ಎಸ್. ಅವರದು ಮೆತ್ತನೆಯ, ಮಂದ್ರದಲ್ಲಿ ಸುಖವಾಗಿ ಓಡಾಡುವ ದನಿ; ರಾಜ್ ಅವರದು ಗುಬ್ಬಿ ಕಂಪನಿಯ ರಂಗದ ಮೇಲೆ ಪಳಗಿದ, ಕೊನೆಯ ಸಾಲಿನವನಿಗೂ ಅಕ್ಷರ ಮುಟ್ಟಿಸುವ ದನಿ. ಒಂದು ಹೋಗಿ ಇನ್ನೊಂದು ಬಂದಾಗ ಹಾಡು ಕಟ್ಟುವ ಕ್ರಮ ಹೇಗೆ ಬದಲಾಯಿತು, ಶ್ರುತಿ ಏರಿತೇ, ಸಂಗೀತ ನಿರ್ದೇಶಕ ಜಿ.ಕೆ. ವೆಂಕಟೇಶ್ ಏನನ್ನು ಬಿಟ್ಟರು, ಏನನ್ನು ಸೇರಿಸಿದರು? ಅವರೆಲ್ಲ ಬದುಕಿದ್ದಾಗಲೇ ಕೇಳಿ ಬರೆದಿಡಬಹುದಾಗಿದ್ದ ಮಾತು ಇದು. ನನ್ನ ಕಟ್ಟಿನಲ್ಲಿ ಸಿಕ್ಕಿದ್ದು ‘ಅಣ್ಣಾವ್ರ ಕಂಠಸಿರಿಗೆ ಅಭಿಮಾನಿಗಳು ಫಿದಾ’ ಎನ್ನುವ ಧಾಟಿಯ ಬರಹಗಳು. ‘ಜೀವನ ಚೈತ್ರ’ದ ಹಾಡಿಗೆ ರಾಜ್ ಅವರಿಗೆ ರಾಷ್ಟ್ರಪ್ರಶಸ್ತಿ ಬಂದ ಮೇಲೂ ಸಂಭ್ರಮವೇ ಹೊರತು ಆ ಗಾಯನದ ಒಳಗೆ ಯಾರೂ ಇಣುಕಿದಂತಿಲ್ಲ.

ಅದು ಹಳೆಯ ಮಾತಾಯಿತು ಎನ್ನುವಿರಾ? 2022ರ ‘ಕಾಂತಾರ’ವನ್ನೇ ನೋಡಿ. ‘ವರಾಹ ರೂಪಂ’ ಹಾಡು ತಮ್ಮ ‘ನವರಸಂ’ ಹಾಡಿನ ನಕಲು ಎಂದು ಕೇರಳದ ತೈಕ್ಕುಡಂ ಬ್ರಿಡ್ಜ್ ತಂಡ ಕೋರ್ಟಿಗೆ ಹೋಯಿತು. ರಾಗದ ಛಾಯೆ ಒಂದೇ ಆದ್ದರಿಂದ ಹಾಗೆ ಕೇಳಿಸುತ್ತದೆ ಎಂಬುದು ಈ ಕಡೆಯ ಸಮರ್ಥನೆ. ಹಾಡು ಕೆಲಕಾಲ ಓಟಿಟಿಯಿಂದ ಮಾಯವಾಗಿ ಮತ್ತೆ ಬಂತು. ರಾಗವೆಂದರೇನು, ಅದರ ಮೇಲೆ ಕಟ್ಟಿದ ಧಾಟಿ ಎಂದರೇನು, ವಾದ್ಯಗಳ ಜೋಡಣೆ ಯಾರ ಸ್ವತ್ತು ಎಂದು ಓದುಗನ ಪಕ್ಕ ಕೂತು ಬಿಡಿಸಿ ಹೇಳಲು ಸಿನಿಮಾ ಪತ್ರಿಕೆಗೆ ಇಂಥ ಅವಕಾಶ ಮತ್ತೆ ಯಾವಾಗ ಬರುತ್ತದೆ? ಊರಿಗೊಬ್ಬ ಸಂಗೀತದ ಮೇಷ್ಟರಿರುವ ನಾಡು ಇದು. ಒಬ್ಬರನ್ನು ಕೂರಿಸಿ ಎರಡೂ ಹಾಡು ಕೇಳಿಸಿದ್ದರೆ ಸಾಕಿತ್ತು. ನಾನು ಓದಿದ್ದರಲ್ಲಿ ಹೆಚ್ಚಿನವು ನಮ್ಮವರು, ಅವರವರು ಎಂಬ ಕಬಡ್ಡಿಯಲ್ಲೇ ಮುಗಿದವು.

ಅದೇ ಚಿತ್ರದ ವಸ್ತ್ರವಿನ್ಯಾಸ ಪ್ರಗತಿ ಶೆಟ್ಟಿ ಅವರದು. ಕರಾವಳಿಯ ಕಾಡಂಚಿನ ಊರಿನವರ ಲುಂಗಿ, ಅಂಗಿ, ಸೀರೆ ಮೈಮೇಲೆ ಹಳತಾದ ಹಾಗೆ ಕಾಣಬೇಕು, ವೇಷದ ಹಾಗಲ್ಲ. ಅದು ಸುಲಭದ ಕೆಲಸವಲ್ಲ. ಆದರೆ ನನ್ನ ಕಣ್ಣಿಗೆ ಬಿದ್ದ ಲೇಖನಗಳಲ್ಲಿ ಅವರು ಹೆಚ್ಚಾಗಿ ರಿಷಬ್ ಶೆಟ್ಟರ ಪತ್ನಿ. ಆ ಬಟ್ಟೆಗಳ ಬಣ್ಣ ಹೇಗೆ ಇಳಿಸಿದಿರಿ ಎಂದು ಕೇಳಿದ ಒಂದೇ ಒಂದು ಸಂದರ್ಶನಕ್ಕಾಗಿ ಹುಡುಕುತ್ತಿದ್ದೇನೆ. ಫ್ಯಾಷನ್ ಎಂದರೆ ನಮ್ಮ ಪುಟಗಳಲ್ಲಿ ನಟಿಯ ಮೈ ಎಂದೇ ಅರ್ಥ. ಕರಾವಳಿ ಬೆಡಗಿ, ಕೊಡಗಿನ ಚೆಲುವೆ ಎಂದು ಜಿಲ್ಲಾವಾರು ಹಂಚಿದ ಮೈ. ನಟರಿಗೆ ಮಾತ್ರ ರೆಬೆಲ್, ಚಾಲೆಂಜಿಂಗ್, ರಾಕಿಂಗ್ ಎಂದು ಬಿರುದು ಸಿಗುತ್ತದೆ. ‘ಪ್ರೇಮಲೋಕ’ (1987) ಬಂದ ಮೇಲೆ ಕಾಲೇಜು ಹುಡುಗರು ಬೈಕು, ಜಾಕೆಟ್ಟಿನ ಹಿಂದೆ ಬಿದ್ದದ್ದು ಎಲ್ಲರಿಗೂ ಗೊತ್ತು; ಆ ಜಾಕೆಟ್ಟಿನ ಕಥೆ ಬರೆದವರು ಎಲ್ಲಿದ್ದಾರೆ?

ಕೊನೆಗೆ ನನ್ನ ಹುಡುಕಾಟಕ್ಕೆ ದಾರಿ ತೋರಿಸಿದ್ದು ಪತ್ರಿಕೆಯೇ ಅಲ್ಲ. ಥಿಯೇಟರಿನ ಬಾಗಿಲಲ್ಲಿ ಚಿಲ್ಲರೆ ಕಾಸಿಗೆ ಮಾರುತ್ತಿದ್ದ ಹಾಡಿನ ಪುಸ್ತಕಗಳು. ಆ ತೆಳು ಕಾಗದದ ಮೇಲೆ ತಾರಾಗಣದ ಕೆಳಗೆ ಪ್ರಸಾಧನ, ಕೇಶಾಲಂಕಾರ, ವಸ್ತ್ರಾಲಂಕಾರ ಎಂದು ಒಬ್ಬೊಬ್ಬರ ಹೆಸರೂ ಇರುತ್ತಿತ್ತು. ಹತ್ತಿಪ್ಪತ್ತು ಪೈಸೆಯ ಚೋಪಡಿ ಮಾಡಿದ ಕೆಲಸವನ್ನು ಬಣ್ಣದ ಪತ್ರಿಕೆ ಮಾಡಲಿಲ್ಲ.

ಈಗ ಇನ್ನೂ ವಿಚಿತ್ರ ನಡೆದಿದೆ. ಇವತ್ತಿನ ನಟಿ ಇನ್‌ಸ್ಟಾಗ್ರಾಮಿನಲ್ಲಿ ಒಂದು ಫೋಟೊ ಹಾಕುವಾಗ ಉಡುಪು ಯಾರದು, ಒಡವೆ ಯಾರದು, ತಲೆ ಬಾಚಿದವರು ಯಾರು, ಫೋಟೊ ತೆಗೆದವರು ಯಾರು ಎಂದು ಕೆಳಗೆ ಒಂದೊಂದಾಗಿ ನಮೂದಿಸುತ್ತಾಳೆ. ನಮ್ಮ ಸಿನಿಮಾ ಪುಟಗಳು ಅದೇ ಫೋಟೊವನ್ನು ಎತ್ತಿಕೊಂಡು, ಆ ಹೆಸರುಗಳನ್ನು ಕತ್ತರಿಸಿ, ‘ಬೋಲ್ಡ್ ಲುಕ್‌ನಲ್ಲಿ ಬೆಡಗಿ’ ಎಂದು ಹಾಕುತ್ತವೆ. ಸಂಪಾದಕರೇ, ಹೊಸದೇನನ್ನೂ ಬರೆಯಬೇಡಿ. ಆಕೆ ಬರೆದುಕೊಟ್ಟ ನಾಲ್ಕು ಹೆಸರುಗಳನ್ನು ಫೋಟೊದ ಕೆಳಗೆ ಹಾಗೇ ಅಚ್ಚು ಹಾಕಿ.